ಪಂಚಮಿಗೆ ಒಂದು ತಾಸಿನ ದಾರಿ

"ಅಜ್ಜಾರ, ನನ್ನ ತಮ್ಮಗ 'ತಪ್ಪಾತು' ಅಂತ ಮಂದಿ ಕೈಲೆ ಹೇಳಿ ಕಳಿಸಿ ಎಂಟು ದಿನ ಆತು. ಅವನಿಂದ ಒಂದು ಮಾತಿಲ್ಲ. ತಪ್ಪು ಒಪ್ಪಿಕೊಂಡ ಮ್ಯಾಲೂ ಮನಸ್ಸಿಗೆ ಯಾಕ ಸಮಾಧಾನ ಇಲ್ಲ?" ಎಂದು ಮಠದ ಶಿಷ್ಯ ಮುರಿಗೆಪ್ಪ ಗುರುಗಳನ್ನು ಕೇಳಿದ. ಕೇಳುವಾಗಲೂ ಮೇಲಿಂದ ಮೇಲೆ ಬಾಗಿಲ ಕಡೆ ನೋಡುತ್ತಿದ್ದ. ಗುರುಗಳು ಒಂದು ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಬ್ಬ ವರ್ತಕನಿದ್ದ. ಅವನ ಒಬ್ಬಳೇ ತಂಗಿಯನ್ನು ಕರಾವಳಿಗೆ ಮದುವೆ ಮಾಡಿ ಕೊಟ್ಟಿದ್ದರು. ನಾಗರ ಪಂಚಮಿ ಬಂತೆಂದರೆ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರುವುದು ಅವರ ಕಡೆಯ ರೂಢಿ. ಘಟ್ಟ ಇಳಿದು ಹೋಗಲು ಬಸ್ಸಿನಲ್ಲಿ ಎಂಟು ತಾಸು, ಬರಲು ಮತ್ತೆ ಎಂಟು ತಾಸು. ವರ್ತಕ ಗೊಣಗುತ್ತಲೇ ಹೋಗಿ ಬರುತ್ತಿದ್ದ.

ತಾಯಿ ತೀರಿದ ವರ್ಷ ಅಣ್ಣ ತಂಗಿಗೆ ಮಾತಿಗೆ ಮಾತು ಬೆಳೆದು ಜಗಳವಾಯಿತು. ಮುಂದಿನ ಎರಡು ಪಂಚಮಿಗೆ ಅವನು ಹೋಗಲಿಲ್ಲ, ಅವಳು ಬರಲಿಲ್ಲ. ಮೂರನೆಯದೂ ಹೀಗೇ ಹೋದರೆ ತಂಗಿಗೆ ತವರೇ ಇಲ್ಲವಾದೀತೆಂದು ಅವನಿಗೆ ಚಿಂತೆ ಹತ್ತಿತು.

ಅಷ್ಟರಲ್ಲಿ ಎರಡೂ ಊರಿನ ವಿಮಾನ ನಿಲ್ದಾಣಗಳ ನಡುವೆ ಪುಟ್ಟ ವಿಮಾನವೊಂದು ಓಡಾಡತೊಡಗಿತು. ರಸ್ತೆಯ ನಾನೂರು ಕಿಲೋಮೀಟರು ಆಕಾಶದಲ್ಲಿ ಇನ್ನೂರೈವತ್ತಕ್ಕೆ ಇಳಿಯಿತು, ಎಂಟು ತಾಸು ಒಂದೇ ತಾಸಾಯಿತು. ವರ್ತಕನಿಗೆ ಹಿಗ್ಗೋ ಹಿಗ್ಗು. ಪಂಚಮಿಯ ಹಿಂದಿನ ದಿನಕ್ಕೆ ತಂಗಿಯ ಹೆಸರಿನಲ್ಲಿ ಟಿಕೆಟ್ ತೆಗೆಸಿ ಅವಳ ಫೋನಿಗೆ ಕಳಿಸಿದ. ಇದಕ್ಕಿಂತ ಹೆಚ್ಚು ಯಾವ ಅಣ್ಣ ಮಾಡಿಯಾನು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಆ ದಿನ ವಿಮಾನ ಇಳಿಯುವುದಕ್ಕೆ ಒಂದು ತಾಸು ಮೊದಲೇ ನಿಲ್ದಾಣಕ್ಕೆ ಹೋಗಿ ನಿಂತ. ನಿಂತ ಎನ್ನುವುದೂ ಸುಳ್ಳು. ಬಾಗಿಲಿಂದ ಬೋರ್ಡಿಗೆ, ಬೋರ್ಡಿನಿಂದ ಬಾಗಿಲಿಗೆ ತಿರುಗಿದ್ದೇ ತಿರುಗಿದ್ದು. ಈಗ ಹತ್ತಿರಬೇಕು, ಈಗ ಘಟ್ಟ ದಾಟಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಜಗಳದ ಮಾತು ತಾನು ಮೊದಲು ಎತ್ತಬೇಕೋ ಅವಳೇ ಎತ್ತಲೆಂದು ಬಿಡಬೇಕೋ ಎಂಬುದು ಮಾತ್ರ ಬಗೆಹರಿಯಲಿಲ್ಲ. ವಿಮಾನ ಹೇಳಿದ ಹೊತ್ತಿಗೆ ಸರಿಯಾಗಿ ಇಳಿಯಿತು. ಒಬ್ಬೊಬ್ಬರೇ ಹೊರಬಂದರು. ಕಡೆಯವರೂ ಬಂದರು. ತಂಗಿ ಬರಲಿಲ್ಲ.

ವರ್ತಕ ಅವಳಿಗೆ ಫೋನ್ ಮಾಡಿದ. "ಯಾಕವ್ವಾ, ಟಿಕೆಟ್ ಮುಟ್ಟಲಿಲ್ಲೇನು?"

"ಮುಟ್ಟೇತಿ ಅಣ್ಣಾ. ಮುಂಜಾನಿಂದ ಹೊಸ ಸೀರಿ ಉಟ್ಟು ಬಾಗಿಲಾಗ ಕುಂತೀನಿ," ಎಂದಳು ತಂಗಿ. "ಕರಿಯಾಕ ಯಾರೂ ಬರಲಿಲ್ಲ."

ವರ್ತಕನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ.

"ಮುಂದ ಆ ವರ್ತಕ ಏನ್ ಮಾಡಿದಾ, ಅಜ್ಜಾರ?"

"ಅಂವ ಅವತ್ತೇ ಎದ್ದು ಹೋದನೋ ಮುರಿಗೆಪ್ಪಾ. ನೀ ಇನ್ನೂ ಇಲ್ಲೇ ಕುಂತೀ."