ಬಲೆಯ ರುಚಿ

ಹಳೆಯ ವಾಚನಾಲಯದ ಕಿಟಕಿಯಲ್ಲಿದ್ದ ಜೇಡಗಳು ತಾವು ನೇಯ್ದ ಬಲೆಯನ್ನು ಕವಿತೆ ಎಂದೇ ಕರೆಯುತ್ತಿದ್ದವು. ಎಳೆಯ ಜೇಡ ಚಿಗುರಿ ತನ್ನ ಮೊದಲ ಕವಿತೆಯನ್ನು ನೇಯ್ದು, ಅದರ ಒಂದೆಳೆಯೂ ಅಲುಗದಂತೆ ಕಾಯುತ್ತ ಕೂತಿದ್ದಳು. ಬಲೆಗೆ ದೂಳು ಹಿಡಿದು ಅಂಟು ಆರಿತು. ಬಂದ ನೊಣಗಳೆಲ್ಲ ಜಾರಿಕೊಂಡು ಹೋದವು. ಚಿಗುರಿಯ ಹೊಟ್ಟೆ ಚುರುಗುಟ್ಟತೊಡಗಿತು.

ಸಂಜೆ ಪಕ್ಕದ ಮೂಲೆಯ ನೂಲಜ್ಜಿ ತನ್ನ ಬಲೆಯನ್ನೇ ಎಳೆ ಎಳೆಯಾಗಿ ನುಂಗುವುದನ್ನು ಕಂಡು ಅವಳು ಹೌಹಾರಿದಳು.

“ಅಜ್ಜೀ, ಅಷ್ಟು ಚೆಂದದ ಕವಿತೆಯನ್ನು ತಿನ್ನುವುದೇ?”

“ಚೆಂದವೇನೋ ಇತ್ತು, ಕೂಸೇ. ಆದರೆ ಬಿದ್ದ ನೊಣ ಕೊಸರಿಕೊಂಡು ಹೋಯಿತಲ್ಲ! ಎಲ್ಲಿ ಸಡಿಲವಾಗಿತ್ತು ಅಂತ ಕಚ್ಚಿದರೇ ಗೊತ್ತಾಗುವುದು.”

“ಮತ್ತೆ ನಾಳೆಗೆ ನೂಲು?”

“ಇವತ್ತು ತಿಂದದ್ದೇ ನಾಳೆಯ ನೂಲು.”

ಚಿಗುರಿಗೆ ಕುತೂಹಲ ತಡೆಯಲಾಗಲಿಲ್ಲ. ತನ್ನ ಬಲೆಯ ಅಂಚನ್ನು ಕಚ್ಚಿ ನೋಡಿದಳು. ಮುಖ ಕಿವುಚಿಕೊಂಡು ಇನ್ನೊಂದೆಳೆ ಕಚ್ಚಿದಳು. ಹಾಗೇ ನಡುವಿನವರೆಗೂ ತಿಂದು ಗಕ್ಕನೆ ನಿಂತಳು.

“ಏನಾಯಿತು?” ಎಂದು ಕೇಳಿದಳು ಅಜ್ಜಿ.

“ಉಳಿದದ್ದೆಲ್ಲ ಬರೀ ದೂಳು, ಅಜ್ಜಿ. ಇದೊಂದು ಎಳೆ ಮಾತ್ರ ಬಲು ಸೊಗಸಾಗಿದೆ. ಇದನ್ನು ಇಟ್ಟುಕೊಳ್ಳಲೇ?”

“ಇಟ್ಟುಕೋ,” ಎಂದಳು ನೂಲಜ್ಜಿ, “ಹೊಟ್ಟೆಯೊಳಗೆ.”