ತೊಟ್ಟಿಲಮ್ಮನ ಹೊಂಡವೂ ಕೇತವ್ವೆಯ ನಾರುಮಡಿಯೂ

ಹತ್ತಿಯ ಗಿಡವಿನ್ನೂ ಹೊಲವನ್ನು ಕಾಣದಿದ್ದ, ಮನುಷ್ಯರೆಲ್ಲರೂ ವಲ್ಕಲಧಾರಿಗಳಾಗಿದ್ದ ಪುರಾತನ ಯುಗದಲ್ಲಿ, ಮೃಗಪಕ್ಷಿಸಂಕುಲದಿಂದ ನಿಬಿಡವಾದ ಈ ಕೆಂಬರೆಗಿರಿಯ ತಪ್ಪಲಿನಲ್ಲಿ ಎರೆಗನೆಂಬ ಬೇಡನೂ ಅವನ ಧರ್ಮಪತ್ನಿಯಾದ ಕೇತವ್ವೆಯೂ ವಾಸವಾಗಿದ್ದರು. ಅಜ್ಜನಪಟ್ಟೆಯೆಂಬ ಮರದ ತೊಗಟೆಯನ್ನು ಸುಲಿದು, ನೆನೆಸಿ, ಕೊಡತಿಯಿಂದ ಬಡಿದು ಮೃದುವಾದ ನಾರುಮಡಿಯಾಗಿಸಿ, ಅದರ ಮೇಲೆ ಕೆಮ್ಮಣ್ಣು ಇದ್ದಿಲುಗಳಿಂದ ಲತಾಪತ್ರಪುಷ್ಪಗಳನ್ನು ಬರೆಯುವುದರಲ್ಲಿ ಕೇತವ್ವೆಗೆ ಸಮಾನರಿರಲಿಲ್ಲ.

ಹುಟ್ಟಲಿರುವ ಕೂಸನ್ನು ಸುತ್ತುವ ಮಡಿಯ ಮೇಲೆ ಕಾಡಿನ ಸಕಲ ಜೀವಿಗಳನ್ನೂ, ಹಾವು ಜೇನು ಹುಲಿ ಮುಳ್ಳುಗಳ ಸಮೇತ, ತಾಯಿಯೇ ಬರೆಯತಕ್ಕದ್ದೆಂಬುದು ಆ ಕುಲದ ಕಟ್ಟಳೆ. ಜೊತೆಯಲ್ಲಿ ಬಾಳಬೇಕಾದವರ ಪರಿಚಯ ಕೂಸಿಗೆ ಮೊದಲೇ ಆಗಲೆಂಬ ಭಾವ. ಆದರೆ ಮೂರು ಕೂಸುಗಳನ್ನು ಮಣ್ಣಿಗಿಟ್ಟಿದ್ದ ಕೇತವ್ವೆಗೆ ನಾಲ್ಕನೆಯದರ ಮಡಿ ಬರೆಯುವಾಗ ಕೈ ಬರಲಿಲ್ಲ. ಗಿಳಿ, ಜಿಂಕೆಮರಿಗಳನ್ನಷ್ಟೇ ಬರೆದು, ಉಳಿದ ಜಾಗವನ್ನೆಲ್ಲ ಹೂಬಳ್ಳಿಯಿಂದ ತುಂಬಿದಳು. ಕಟ್ಟಳೆ ಮುರಿದರೆ ಕೇಡು ತಪ್ಪದೆಂದು ಅತ್ತೆ ಗದರಿದರೆ, ಕೇಡನ್ನು ಕೂಸಿನ ಮೈಗೆ ತನ್ನ ಕೈಯಾರೆ ಹೊದಿಸಲಾರೆನೆಂದಳು. ಹೆತ್ತ ಕರುಳಿಗೆ ಶಾಸ್ತ್ರ ಹೇಳಿ ಗೆದ್ದವರುಂಟೆ?

ಹೆಣ್ಣುಕೂಸು ಹುಟ್ಟಿತು. ಮೂರು ದಿನ ಕಳೆದರೂ ಅಳಲಿಲ್ಲ, ಕಣ್ಣು ತೆರೆಯಲಿಲ್ಲ, ಮೊಲೆಗೆ ಬಾಯಿಡಲಿಲ್ಲ. ಕೇತವ್ವೆ ಕೂಸನ್ನು ಮಡಿಸಮೇತ ಎತ್ತಿ ತಂದು, ಈ ಹೊಂಡದ ದಡದ ಹಾಸುಬಂಡೆಯ ಮೇಲೆ ಮಲಗಿಸಿ, ಇದೊಂದನ್ನಾದರೂ ಉಳಿಸಿಕೊಡೆಂದು ವನದೇವಿಯನ್ನು ಕುರಿತು ಗೋಳಿಟ್ಟಳು. ಆಗ ಬಂಡೆಯೊಳಗಿಂದ ಕರುಣಾರ್ದ್ರವಾದ ವಾಣಿಯೊಂದು ಕೇಳಿಬಂದಿತು:

“ಮಗಳೇ, ಹೂವನ್ನು ಬರೆದು ಜೇನನ್ನು ಬಿಟ್ಟೆಯಲ್ಲ, ಆ ಹೂವು ಕಾಯಾಗುವುದೆಂತು? ಹಾವೂ ನನ್ನ ಕೂಸೇ, ಹುಲಿಯೂ ನನ್ನ ಕೂಸೇ. ಅವರನ್ನು ಹೊರಗಿಟ್ಟ ಮಡಿಯೊಳಗೆ ನಾನು ಹೇಗೆ ಬರಲಿ?”

ಕೇತವ್ವೆ ಹೊಂಡದಂಚಿನ ಕೆಮ್ಮಣ್ಣಿನಲ್ಲಿ ಬೆರಳದ್ದಿ, ಕೂಸಿನ ಎದೆಯ ಮೇಲಿನ ಮಡಿಯಲ್ಲಿ ಹಾವನ್ನು ಬರೆದಳು, ಜೇನನ್ನೂ ಹುಲಿಯನ್ನೂ ಬರೆದಳು, ಬಳ್ಳಿಬಳ್ಳಿಗೂ ಮುಳ್ಳಿಟ್ಟಳು. ಕೊನೆಯ ಮುಳ್ಳು ಮುಗಿಯುವಷ್ಟರಲ್ಲಿ ಕೂಸು ಕಿಟಾರನೆ ಕಿರುಚಿ ಅತ್ತಿತು. ತಾಯಿಗೆ ಅದಕ್ಕಿಂತ ಇಂಪಾದ ಸಂಗೀತ ಯಾವುದಿದ್ದೀತು!

ಬಂಡೆಯನ್ನೇ ಕೂಸಿಗೆ ತೊಟ್ಟಿಲಾಗಿಸಿದ ದೇವಿಯು ತೊಟ್ಟಿಲಮ್ಮನೆಂಬ ಅಭಿಧಾನದಿಂದ ಅಲ್ಲಿಯೇ ನೆಲೆಸಿದಳು. ಮಡಿಯಿಂದ ಬಂಡೆಗಿಳಿದ ಹಾವಿನ ಕೆಂಪುಗೆರೆಯನ್ನು ಭಕ್ತರು ಇಂದಿಗೂ ದರ್ಶಿಸಬಹುದು. ನಾರುಮಡಿ ಬಡಿಯುವವರು ಈಗಿಲ್ಲವಾದ್ದರಿಂದ ತಾಯಂದಿರು ಹತ್ತಿಯ ಬಟ್ಟೆಯನ್ನೇ ತಂದು, ತಾವು ಯಾವುದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಅಂಜುವರೋ ಅದನ್ನು ಇಲ್ಲಿನ ಕೆಮ್ಮಣ್ಣಿನಿಂದ ಮೊದಲು ಬರೆದು ಅಮ್ಮನವರ ಮುಂದಿಡುತ್ತಾರೆ. ಕೆಲವರದು ಬೆಂಕಿ, ಕೆಲವರದು ತುಂಬಿದ ಹೊಳೆ. ಕಳೆದ ವರ್ಷ ಹೆದ್ದಾರಿಯ ಪಕ್ಕದ ಊರಿನಿಂದ ಕೂಸನ್ನೆತ್ತಿಕೊಂಡು ಬಂದಾಕೆಯೊಬ್ಬಳು ಲಾರಿಯನ್ನು ಬರೆದಿದ್ದಳು. ಅರ್ಚಕರು ಅದಕ್ಕೂ ಹೂವೇರಿಸಿ, ಅದೇ ಬಟ್ಟೆಯಲ್ಲಿ ಕೂಸನ್ನು ಸುತ್ತಿ ಅವಳ ಕೈಗಿತ್ತರು.