ಎಲೆ ಅಳೆದವನು

ಶಿಷ್ಯನು ಕೇಳಿದನು: "ಗುರುಗಳೇ, ಎಲ್ಲರನ್ನೂ ಒಂದೇ ದಿನ, ಒಂದೇ ಅಳತೆಯಿಂದ ಅಳೆದರೆ ಅನ್ಯಾಯಕ್ಕೆ ಎಡೆ ಎಲ್ಲಿದೆ?"

ಗುರುಗಳು ಹೇಳಿದರು:

ಒಂದು ಊರು, ಅದಕ್ಕೊಂದೇ ಕೆರೆ. ನೀರು ಬಿಡುವ ಸರದಿ ಎಲ್ಲ ಗದ್ದೆಗೂ ಒಂದೇ. ಆದ್ದರಿಂದ ಊರಿಗೆಲ್ಲ ಒಂದೇ ಭತ್ತ ಎಂಬುದು ಅಲ್ಲಿಯ ಕಟ್ಟಳೆ. ಹಿಂದಿನಿಂದಲೂ ಅದು ಕೆಂಪು ಭತ್ತ. ಅದರ ಬೀಜವನ್ನು ಕಾಪಾಡಿಕೊಂಡು ಬಂದವಳು ಒಬ್ಬ ರೈತ ಹೆಣ್ಣುಮಗಳು. ಒಂದು ವರ್ಷ ಇನ್ನೊಬ್ಬ ರೈತ ಹೊರಗಿನಿಂದ ಬೇರೆ ತಳಿ ತಂದ. ಯಾವುದನ್ನು ಉಳಿಸಿಕೊಳ್ಳಬೇಕು? ಊರವರು ಒಬ್ಬ ವಿಜ್ಞಾನಿಯನ್ನು ಕರೆಸಿದರು.

ವಿಜ್ಞಾನಿ ಪ್ರಾಮಾಣಿಕ. ಎರಡನ್ನೂ ಒಂದೇ ದಿನ, ಪಕ್ಕಪಕ್ಕದ ಮಡಿಗಳಲ್ಲಿ ನೆಡಿಸಿದ. ಎಲೆಗೆ ಕಚ್ಚಿಸಿದರೆ ಅದು ಬಿಸಿಲಿನಿಂದ ಎಷ್ಟು ಆಹಾರ ತಯಾರಿಸುತ್ತಿದೆ ಎಂದು ತೋರಿಸುವ ಯಂತ್ರ ಅವನಲ್ಲಿತ್ತು. ಗೊತ್ತುಮಾಡಿದ ದಿನ ಬಂದು ಅಳೆದ. ಹೊಸ ಭತ್ತ ತಡವಾಗಿ ಬರುವಂಥದು. ಇನ್ನೂ ತೆನೆ ಬಿಚ್ಚಿರಲಿಲ್ಲ, ಎಲೆ ಕಡುಹಸಿರು. ಕೆಂಪು ಭತ್ತ ಆಗಲೇ ಕಾಳು ಕಟ್ಟಿತ್ತು. ಎಲೆಯ ಸತ್ವವೆಲ್ಲ ತೆನೆಗೆ ಹೋಗಿ ಎಲೆ ಹಳದಿಯಾಗಿತ್ತು.

"ಅಕ್ಕಾ, ನಿನ್ನ ಭತ್ತಕ್ಕೆ ಕಾಮಾಲೆ ಆಗಿದೆಯಲ್ಲ!" ಎಂದು ರೈತ ನಕ್ಕ.

"ಹೆತ್ತ ಮೈ ಬಿಳಿಚಿಕೊಂಡಿರುತ್ತೆ ಕಣೋ ತಮ್ಮಾ. ನಿನ್ನದೂ ಹೆರಲಿ, ಆಮೇಲೆ ಅಳೆಯಲಿ."

ವಿಜ್ಞಾನಿ ತಲೆ ಎತ್ತಲಿಲ್ಲ. "ಅಳತೆಗೆ ಅಕ್ಕ ತಮ್ಮ ಇಲ್ಲಮ್ಮ. ಇವತ್ತೆಂದರೆ ಇವತ್ತೇ" ಎಂದ.

ಕೊಯ್ಲಿನವರೆಗೆ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಯಂತ್ರ ಹೆಚ್ಚು ಅಂಕಿ ತೋರಿಸಿದ್ದು ಹಸಿರೆಲೆಗೆ; ಊರು ಅದನ್ನೇ ಆರಿಸಿತು. ಇನ್ನು ಕೆಂಪು ಭತ್ತ ಬಿತ್ತಿದವರಿಗೆ ನೀರಿಲ್ಲ ಎಂದಿತು. ಬಿತ್ತಲಾಗದ ಬೀಜವನ್ನು ಇಟ್ಟುಕೊಂಡು ಏನು ಮಾಡುವುದು? ಅವಳು ಅದನ್ನು ಕುಟ್ಟಿಸಿ, ಬೇಯಿಸಿ, ಮನೆಮಂದಿಗೆ ಬಡಿಸಿದಳು.

ಮರುವರ್ಷ ಹೊಸ ಭತ್ತ ತೆನೆ ಬಿಚ್ಚುವ ಹೊತ್ತಿಗೆ ಕೆರೆ ಬರಿದಾಯಿತು. ಊರೆಲ್ಲ ಜೊಳ್ಳು. ನಕ್ಕಿದ್ದ ರೈತನೇ ಅವಳ ಬಾಗಿಲಿಗೆ ಬಂದ.

"ಕೆಂಪು ಭತ್ತದ ಬೀಜ ಒಂದು ಹಿಡಿ ಇದ್ದರೂ ಕೊಡಕ್ಕ."

"ಉಂಡು ಕೈ ತೊಳೆದಾಯ್ತಪ್ಪ" ಎಂದಳು.

ಊರವರು ವಿಜ್ಞಾನಿಯ ಹತ್ತಿರ ಹೋದರು. ಅವನು ಸಿಟ್ಟಾಗಲಿಲ್ಲ. ತನ್ನ ಅಂಕಿಗಳನ್ನೆಲ್ಲ ಮೊದಲಿನಿಂದ ಪರಿಶೀಲಿಸಿದ, ಎಲ್ಲವೂ ಸರಿಯಾಗಿದ್ದವು. ಸರಿಯಾಗಿವೆ ಎಂದೇ ಹೇಳಿ ಕಳಿಸಿದ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಅವನ ಅಳತೆಯಲ್ಲಿ ತಪ್ಪೇ ಇರಲಿಲ್ಲವೇ?"

"ಇರಲಿಲ್ಲ. ಇದ್ದಿದ್ದರೆ ಯಾರಾದರೂ ತಿದ್ದುತ್ತಿದ್ದರು."